ಋತುಪರ್ಣನ ವಿದ್ಯೆ

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ನಾವು ವಿರಹದ ಕಥೆಯೆಂದು ಓದುತ್ತೇವೆ; ಜೂಜಿನ ಕೇಡನ್ನು ಸಾರುವ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ. ಅದರೊಳಗೆ ಗಣಿತದ ಒಂದು ಪ್ರಸಂಗವೂ ಅಡಗಿ ಕುಳಿತಿದೆಯೆಂಬುದು ಗಮನಕ್ಕೆ ಬರುವುದು ಅಪರೂಪ. ರಾಜ್ಯವನ್ನು ಜೂಜಿನಲ್ಲಿ ಸೋತು, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು, ರೂಪಗೆಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಸಾರಥಿಯಾಗಿ ನಿಂತಿದ್ದಾನೆ ನಳ. ವಿದರ್ಭಕ್ಕೆ ರಥ ಓಡುತ್ತಿದೆ. ದಾರಿಯಲ್ಲಿ ಒಂದು ವಿಭೀತಕ ವೃಕ್ಷವನ್ನು ಕಂಡ ಋತುಪರ್ಣನು ತನ್ನ ಲೆಕ್ಕದ ಬಲವನ್ನು ಮೆರೆಯಲು ಮುಂದಾಗುತ್ತಾನೆ. ಈ ಮರದ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಹಣ್ಣುಗಳೂ ಇವೆ ಎನ್ನುತ್ತಾನೆ. ನಳ ನಂಬುವುದಿಲ್ಲ. ಸ್ವಯಂವರಕ್ಕೆ ಹೊತ್ತು ಮೀರುತ್ತಿದ್ದರೂ ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಕುಳಿತು ಎಣಿಸುತ್ತಾನೆ. ಲೆಕ್ಕ ತಾಳೆಯಾಗುತ್ತದೆ. ಆಗ ಋತುಪರ್ಣ ಹೇಳುವ ಮಾತು ಕುತೂಹಲಕರ: ತಾನು ಅಕ್ಷಹೃದಯವನ್ನು, ಎಂದರೆ ದಾಳಗಳ ಮರ್ಮವನ್ನು, ಬಲ್ಲವನು; ಆದುದರಿಂದಲೇ ಸಂಖ್ಯಾನದಲ್ಲಿಯೂ ಬಲ್ಲಿದನು. ದಾಳವನ್ನು ತಿಳಿಯುವುದೂ ಎಲೆಯನ್ನು ಎಣಿಸುವುದೂ ಒಂದೇ ವಿದ್ಯೆಯ ಎರಡು ಮುಖಗಳು ಎಂದಂತಾಯಿತು.

ಸಂಭಾವ್ಯತೆಯೆಂಬ ಶಾಸ್ತ್ರದ ಹುಟ್ಟನ್ನು ಕುರಿತು 1975ರಲ್ಲಿ ಗ್ರಂಥ ಬರೆದ ತತ್ತ್ವಜ್ಞ ಇಯನ್ ಹ್ಯಾಕಿಂಗ್ ಈ ಪ್ರಸಂಗವನ್ನು ಬೆರಗಿನಿಂದ ಎತ್ತಿ ತೋರಿಸಿದ್ದಾರೆ. ಎರಡು ಕೊಂಬೆಗಳನ್ನು ನೋಡಿ ರಾಶಿಯನ್ನು ಅಂದಾಜು ಮಾಡುವ ವಿದ್ಯೆ ಜೂಜಿನ ವಿದ್ಯೆಗೆ ಒಡಹುಟ್ಟಿದುದೆಂಬ ಅರಿವು ಯುರೋಪಿನಲ್ಲಿ 17ನೆಯ ಶತಮಾನದವರೆಗೆ ಸ್ಪಷ್ಟವಾಗಿ ಮೂಡಲಿಲ್ಲ. ವಿಭೀತಕವೆಂದರೆ ನಮ್ಮ ತಾರೆಮರ. ಅಳಲೆ ನೆಲ್ಲಿಗಳೊಡನೆ ಸೇರಿ ತ್ರಿಫಲೆಯಾಗುವುದು ಇದರ ಕಾಯಿಯೇ. ಋಗ್ವೇದದ ಕಾಲದ ಜೂಜುಗಾರರು ದಾಳವಾಗಿ ಬಳಸುತ್ತಿದ್ದುದೂ ಇದೇ ಕಾಯಿಯನ್ನು. ಋತುಪರ್ಣ ತನ್ನ ವಿದ್ಯೆಯ ಪರೀಕ್ಷೆಗೆ ಬೇರೆ ಮರವನ್ನು ಆರಿಸಲಿಲ್ಲವೆಂಬುದನ್ನು ರಸಿಕರು ಗಮನಿಸಬೇಕು.

ನಾನಿರುವ ದೇಸೂರು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿದೆ. ಲೋಂಡಾ ಕಡೆಯ ರೈಲು ಇಲ್ಲಿ ನಿಂತು ಇದಲಹೊಂಡ, ಖಾನಾಪುರಗಳತ್ತ ಸಾಗುತ್ತದೆ. ಗದ್ದೆಗಳ ಊರು. ನಾಗರಪಂಚಮಿಗೆ ಜೋಕಾಲಿ, ನಿಂಬೆಹಣ್ಣು ಎಸೆಯುವ ಪಂದ್ಯ, ದೀಪಾವಳಿಗೆ ಎಲೆಯಾಟ. ಇದು ಈ ಸೀಮೆಯ ಹಳೆಯ ಪದ್ಧತಿ. ಹಬ್ಬದ ಜೂಜು ಹಬ್ಬದೊಂದಿಗೆ ಮುಗಿಯುತ್ತಿತ್ತು. ಸೋತವನ ಗಂಟು ಗೆದ್ದವನ ಮನೆಯಲ್ಲಿ, ಎಂದರೆ ಎದುರು ಮನೆಯಲ್ಲಿ, ಇರುತ್ತಿತ್ತು. ಈಚೆಗೆ ಆಟ ಹಬ್ಬವನ್ನು ಬಿಟ್ಟು ಅಂಗೈಯ ಯಂತ್ರಕ್ಕೆ ಇಳಿಯಿತು. ಅದೂ ಸಾಲದೆಂಬಂತೆ ಚೋರ್ಲಾ ಘಾಟನ್ನು ಇಳಿದರೆ ಗೋವೆ. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ಜೂಜಿನ ಹಡಗುಗಳು ರಾತ್ರಿಯಿಡೀ ದೀಪ ಹಚ್ಚಿಕೊಂಡು ನಿಂತಿರುತ್ತವೆ. ಖಾನಾಪುರ ತಾಲೂಕಿನ ಕಾಡಿನಲ್ಲಿ, ದೇಗಾವಿಯ ಬಳಿ, ಹುಟ್ಟಿ ಹರಿದ ಮಹಾದಾಯಿಯೇ ಅಲ್ಲಿ ಮಾಂಡವಿಯೆನಿಸಿಕೊಳ್ಳುತ್ತಾಳೆ. ನಮ್ಮ ನೀರೂ ನಮ್ಮ ಹುಡುಗರೂ ಒಂದೇ ಕಡೆಗೆ ಹರಿಯುವುದು ವಿಚಿತ್ರವಾದರೂ ನಿಜ.

ಕಳೆದ ವರ್ಷ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಖಾನಾಪುರದ ಕಡೆಯ ಹಳ್ಳಿಯ ರೈತರ ಮಗ, ಓದಿನಲ್ಲಿ ಚುರುಕು. ನಳಚರಿತ್ರೆಯ ಪಾಠದ ಸಂದೇಹವಿರಬಹುದೆಂದು ನಾನು ಭಾವಿಸಿದೆ. ಅವನು ತೆಗೆದುದು ಒಂದು ನೋಟುಬುಕ್ಕು. ಅದರಲ್ಲಿ ಪೋಕರ್ ಆಟದ ಕೈಗಳನ್ನು ಸಾಲಾಗಿ ಬರೆದಿಟ್ಟಿದ್ದ. ವಿದ್ಯಾರ್ಥಿನಿಲಯಕ್ಕೆಂದು ತಂದೆ ಕೊಟ್ಟ ಹಣ ಹೋಗಿತ್ತು. ಗೆಳೆಯರಿಂದ ತಂದುದೂ ಹೋಗಿತ್ತು. ಆದರೆ ಅವನು ಪಶ್ಚಾತ್ತಾಪ ಪಡಲು ಬಂದವನಲ್ಲ. ಅವನಲ್ಲೊಂದು ಸಿದ್ಧಾಂತವಿತ್ತು.

"ಒಂದೇ ಬಣ್ಣದ ನಾಕ ಎಲಿ ಕೈಯಾಗ ಬಂದಾಗೆಲ್ಲಾ ಐದನೇದಕ್ಕ ಕಾದೇನ್ರಿ ಸರ್ರ. ಹತ್ತ ಸಲ ಬಂದಿಲ್ಲ. ಇನ್ನ ಮುಂದಿನ ಸಲ ಬರಾಕs ಬೇಕಲ್ರಿ?"

"ಎಲಿಗೆ ನೆನಪ ಇರ್ತೈತೇನೋ ತಮ್ಮಾ?" ಎಂದೆ.

ಅವನು ಸುಮ್ಮನಾದ. ಗೋವೆಗೆ ಹೋಗಲು ಇನ್ನೊಂದು ಸಲಕ್ಕಾಗುವಷ್ಟು ಹಣವನ್ನು ಹೊಂದಿಸುವ ಯೋಚನೆಯಲ್ಲಿದ್ದನೆಂಬುದು ಆಮೇಲೆ ತಿಳಿಯಿತು. ಬೈದು ಕಳುಹಿಸುವುದು ಸುಲಭವಾಗಿತ್ತು. ಆದರೆ ಅವನ ಪ್ರಶ್ನೆ ಗಣಿತದ್ದು. ಬೈಗುಳದಿಂದ ಗಣಿತ ಬಗೆಹರಿಯುವುದಿಲ್ಲ. ಅಂದಿನಿಂದ ಮೂರು ವಾರ, ಶನಿವಾರದ ಸಂಜೆಗಳಲ್ಲಿ, ನಾವಿಬ್ಬರೂ ಒಂದು ಇಸ್ಪೀಟಿನ ಕಟ್ಟನ್ನು ನಡುವಿಟ್ಟುಕೊಂಡು ಕುಳಿತೆವು. ಮನೆಯಲ್ಲಿ ಇದಕ್ಕೆ ಬಂದ ಆಕ್ಷೇಪಣೆಗಳನ್ನು ಇಲ್ಲಿ ಬರೆಯುವುದಿಲ್ಲ.

ಕನ್ನಡದ ಅಧ್ಯಾಪಕನ ಕೈಗೆ ಇಸ್ಪೀಟು ಸಿಕ್ಕರೆ ಅವನ ಲಕ್ಷ್ಯ ಮೊದಲು ಹರಿಯುವುದು ಶಬ್ದಗಳ ಕಡೆಗೆ. ಇಸ್ಪೀಟು, ಡೈಮನ್ನುಗಳು ಇಂಗ್ಲಿಷಿನಿಂದ ಬಂದುವು. ಆದರೆ ದಕ್ಷಿಣದ ಜಿಲ್ಲೆಗಳವರು ಹೇಳುವ ಆಟೀನು ಡಚ್ಚರ 'ಹಾರ್ಟನ್', ಕಳಾವರ ಡಚ್ಚರ 'ಕ್ಲಾವರ್', ತುರುಫು ಅವರ 'ತ್ರೂಫ್'. ವ್ಯಾಪಾರಕ್ಕೆ ಬಂದ ಡಚ್ಚರು ಹೋದರು. ಎಲೆಗಳ ಮೇಲೆ ಅವರ ನಾಲಗೆ ಉಳಿಯಿತು. ನಮ್ಮ ಬೆಳಗಾವಿಯ ಕಡೆ ಮರಾಠಿಯ ಬದಾಮ, ಚೌಕಟ, ಕಿಲವರಗಳೇ ಹೆಚ್ಚು ರೂಢಿ. ಇವುಗಳಿಗೆ ಮುಂಚೆ ಗಂಜೀಫವಿತ್ತು. ಅಂಬೋಲಿ ಘಾಟಿನ ಕೆಳಗಿನ ಸಾವಂತವಾಡಿಯಲ್ಲಿ ದಶಾವತಾರದ 120 ದುಂಡೆಲೆಗಳನ್ನು ಇಂದಿಗೂ ಬರೆಯುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ 360 ಎಲೆಗಳವರೆಗಿನ ಆಟಗಳನ್ನು ಕಲ್ಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ವರ್ಣಿಸಿಟ್ಟರು. ಪೋಕರ್ ಇವುಗಳೆದುರು ಎಳೆಯ ಕೂಸು. 19ನೆಯ ಶತಮಾನದ ಆದಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನ ಸುತ್ತ ಹುಟ್ಟಿ ಮಿಸಿಸಿಪಿ ನದಿಯ ಉಗಿಹಡಗುಗಳಲ್ಲಿ ಬೆಳೆಯಿತು. ಮೊದಲು 20 ಎಲೆಗಳಿಂದ ಆಡುತ್ತಿದ್ದರು, ಅನಂತರ 52 ಆದುವು. ನದಿಯ ಮೇಲಿನ ಹಡಗಿಗೂ ಈ ಆಟಕ್ಕೂ ಇರುವ ನಂಟು ಮೊದಲಿನಿಂದಲೂ ಬಂದುದೇ.

ಇರಲಿ. 52 ಎಲೆಗಳಿಂದ ಐದನ್ನು ತೆಗೆದರೆ ಎಷ್ಟು ಬಗೆಯ ಕೈಗಳಾಗಬಲ್ಲವು? ಎಲ್ಲ ಲೆಕ್ಕದ ತಾಯಿಬೇರು ಇದೇ. ಹುಡುಗ ಯಂತ್ರದಲ್ಲಿ ನೋಡಿ ಹೇಳಲು ಹೊರಟ. ನಾನು ತಡೆದು, ಛಂದಸ್ಸಿನ ಪಾಠವನ್ನು ನೆನಪು ಮಾಡಿಕೊಟ್ಟೆ. ಮೂರಕ್ಷರದ ಗಣಗಳು ಎಷ್ಟು? ಎಂಟು. ಅವುಗಳಲ್ಲಿ ಒಂದೂ ಲಘುವಿಲ್ಲದುದು ಒಂದು, ಒಂದು ಲಘುವಿರುವುವು ಮೂರು, ಎರಡಿರುವುವು ಮೂರು, ಮೂರೂ ಲಘುವಾದುದು ಒಂದು. ಒಂದು, ಮೂರು, ಮೂರು, ಒಂದು. ಬ್ರಹ್ಮಗಣ ನಾಲ್ಕಾಗುವುದೂ ವಿಷ್ಣುಗಣ ಎಂಟಾಗುವುದೂ ರುದ್ರಗಣ ಹದಿನಾರಾಗುವುದೂ ಇದೇ ಪ್ರಸ್ತಾರದಿಂದ. ಪಿಂಗಳನ ಸೂತ್ರಗಳಿಗೆ 10ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧನು ಈ ಸಂಖ್ಯೆಗಳನ್ನು ಮೇರುಪರ್ವತದಂತೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ತೋರಿಸಿದ. ಯುರೋಪಿನವರು ಅದನ್ನು ಪಾಸ್ಕಲನ ತ್ರಿಕೋನವೆನ್ನುತ್ತಾರೆ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ಷಟ್‌ಪ್ರತ್ಯಯಗಳು ಬೇರೇನಲ್ಲ, ಎಣಿಕೆಯ ಶಾಸ್ತ್ರವೇ. ಅವುಗಳಲ್ಲಿ 'ನಷ್ಟ'ವೆಂಬುದು ಒಂದು: ಪ್ರಸ್ತಾರದಲ್ಲಿ ಇಷ್ಟನೆಯದೆಂಬ ಸಂಖ್ಯೆ ಮಾತ್ರ ಗೊತ್ತಿದ್ದು ರೂಪ ಅಳಿಸಿಹೋಗಿದ್ದರೆ ಅದನ್ನು ಮರಳಿ ಪಡೆಯುವ ಕ್ರಮ. ಈ ಮಾತಿಗೆ ಹುಡುಗ ಮೊದಲ ಸಲ ನಕ್ಕ. "ಅದನ್ನ ಮೊದಲ ಹೇಳಿಕೊಡ್ರಿ ಸರ್ರ" ಎಂದ.

ಮೇರುವಿನ ಮುಂದಿನ ಮೆಟ್ಟಿಲನ್ನು ಅವನ ಅಜ್ಜಿಯೂ ಬಲ್ಲಳು. ಚೌಕಾಬಾರಕ್ಕೆ ನಾಲ್ಕು ಕವಡೆಗಳು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಬೀಳುವ ಬಗೆಗಳು ಒಟ್ಟು ಹದಿನಾರು. ಅವುಗಳಲ್ಲಿ ಬೋರಲು ನಾಲ್ಕೂ ಆಗುವುದು ಒಂದು, ಒಂದು ಅಂಗಾತವಾಗುವುದು ನಾಲ್ಕು, ಎರಡು ಆರು, ಮೂರು ನಾಲ್ಕು, ನಾಲ್ಕೂ ಒಂದು. ಆದುದರಿಂದಲೇ ಎರಡು ಪದೇ ಪದೇ ಬೀಳುತ್ತದೆ. ನಾಲ್ಕು, ಎಂಟುಗಳು ಅಪರೂಪವಾದುದರಿಂದಲೇ ಅವು ಬಿದ್ದವನಿಗೆ ಇನ್ನೊಮ್ಮೆ ಹಾಕುವ ಹಕ್ಕು. ಕವಡೆಯ ಬೆನ್ನೂ ಹೊಟ್ಟೆಯೂ ಸಮತೂಕದವಲ್ಲವಾಗಿ ಈ ಲೆಕ್ಕ ಕವಡೆಗೆ ತುಸು ವ್ಯತ್ಯಾಸವಾಗುವುದುಂಟು. ದೇವಾಲಯಗಳ ಕಲ್ಲುಚಪ್ಪಡಿಗಳಲ್ಲಿ ಕೊರೆದ ಆಟದ ಮನೆಗಳನ್ನು ಕಂಡವರಿಗೆ ಇದು ಎಷ್ಟು ಹಳೆಯ ಅನುಭವವೆಂದು ಹೇಳಬೇಕಾಗಿಲ್ಲ.

ಆದರೆ 52 ಎಲೆಗಳಿಗೆ ಮೇರುವನ್ನು ಕಟ್ಟುತ್ತ ಹೋದರೆ ಸಂಜೆ ಸಾಲದು. ನೇರವಾದ ಸೂತ್ರ ಬೇಕು. ಆ ಸೂತ್ರವನ್ನು ಸಾಮಾನ್ಯರೂಪದಲ್ಲಿ ಹೇಳಿದವನು ನಮ್ಮ ನೆಲದವನೆಂಬುದನ್ನು ಕನ್ನಡದ ತರಗತಿಗಳಲ್ಲಿ ಏಕೆ ಹೇಳುವುದಿಲ್ಲವೋ ನಾನರಿಯೆ. ಅಮೋಘವರ್ಷ ನೃಪತುಂಗನ ಹೆಸರೆತ್ತಿದೊಡನೆ ನಾವು ಕವಿರಾಜಮಾರ್ಗವನ್ನು ನೆನೆಯುತ್ತೇವೆ. ಅದೇ ಅರಸನನ್ನು ಹೊಗಳಿ ಗ್ರಂಥವನ್ನು ಆರಂಭಿಸಿದ ಮಹಾವೀರಾಚಾರ್ಯನನ್ನು ಗಣಿತದವರಿಗೆ ಬಿಟ್ಟುಕೊಟ್ಟಿದ್ದೇವೆ. ಸುಮಾರು 850ರಲ್ಲಿ ಅವನು ಬರೆದ ಗಣಿತಸಾರಸಂಗ್ರಹವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಅಚ್ಚುಹಾಕಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿತು. ಅದರ ಮಿಶ್ರಕವ್ಯವಹಾರದಲ್ಲಿ ಈ ನಿಯಮವಿದೆ. ಆರು ರಸಗಳನ್ನು ಬೆರೆಸಿ ಎಷ್ಟು ರುಚಿಗಳನ್ನು ಮಾಡಬಹುದು, ವಜ್ರ ನೀಲ ಮರಕತ ಹವಳ ಮುತ್ತುಗಳಿಂದ ಎಷ್ಟು ಬಗೆಯ ಸರ ಕಟ್ಟಬಹುದು ಎಂಬುವು ಅವನ ಉದಾಹರಣೆಗಳು. ಯುರೋಪಿನಲ್ಲಿ ಈ ಸೂತ್ರವನ್ನು ಎರಿಗೋನ್ ಎಂಬ ಫ್ರೆಂಚ್ ವಿದ್ವಾಂಸ ಅಚ್ಚಿನಲ್ಲಿ ಕೊಟ್ಟುದು 1634ರಲ್ಲಿ. ನಮ್ಮ ಜಿಲ್ಲೆಯ ಅಭಿಮಾನಕ್ಕೆ ಇನ್ನೊಂದು ಮಾತು: ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ 12ನೆಯ ಶತಮಾನದ ರಾಜಾದಿತ್ಯನ ಊರು ಪೂವಿನಬಾಗೆ, ವಿದ್ವಾಂಸರು ಅದನ್ನು ರಾಯಬಾಗವೆಂದು ಗುರುತಿಸಿದ್ದಾರೆ.

ಮಹಾವೀರನ ಕ್ರಮ ಇಷ್ಟೇ. ಮೇಲಿನ ಸಾಲಿನಲ್ಲಿ 52, 51, 50, 49, 48 ಎಂದು ಇಳಿಸಿ ಬರೆಯಿರಿ. ಕೆಳಗಿನ ಸಾಲಿನಲ್ಲಿ 1, 2, 3, 4, 5 ಎಂದು ಏರಿಸಿ ಬರೆಯಿರಿ. ಮೇಲಿನವನ್ನು ಗುಣಿಸಿದರೆ 31,18,75,200. ಕೆಳಗಿನವನ್ನು ಗುಣಿಸಿದರೆ 120. ಭಾಗಿಸಿದರೆ 25,98,960. ಐದೆಲೆಯ ಕೈಗಳು ಇಷ್ಟು; ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹುಡುಗ ಕಾಗದದ ಮೇಲೆ ತಾನೇ ಗುಣಿಸಿ ತಾನೇ ಭಾಗಿಸಿದ.

ಇನ್ನು ಈ 25,98,960ರಲ್ಲಿ ಬೆಲೆಯುಳ್ಳ ಕೈಗಳೆಷ್ಟು? ಅರ್ಧಕ್ಕಿಂತ ತುಸು ಹೆಚ್ಚು, 13,02,540, ಯಾವ ಜೋಡಣೆಯೂ ಇಲ್ಲದ ಬರಿಗೈಗಳು. ಒಂದೇ ಒಂದು ಜೋಡಿಯುಳ್ಳವು 10,98,240. ಈ ಎರಡನ್ನು ಕೂಡಿಸಿದರೆ ನೂರಕ್ಕೆ ತೊಂಬತ್ತೆರಡರ ಮೇಲಾಯಿತು. ಪೋಕರ್ ಆಡುವವನು ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ಈ ಎರಡರ ಸಂಗದಲ್ಲಿ. ಚಲನಚಿತ್ರಗಳಲ್ಲಿ ಮಾತ್ರ ಬೇರೆ. ಎರಡು ಜೋಡಿಗಳು 1,23,552. ಒಂದೇ ಅಂಕೆಯ ಮೂರು ಎಲೆಗಳು 54,912. ಸ್ಟ್ರೇಟ್ ಎನಿಸುವ ಐದರ ಸರಣಿ 10,200. ಒಂದೇ ಬಣ್ಣದ ಐದು, ಎಂದರೆ ಫ್ಲಷ್, 5,108. ಮೂರಕ್ಕೊಂದು ಜೋಡಿ ಸೇರಿದ ಫುಲ್ ಹೌಸ್ 3,744. ನಾಲ್ಕೂ ಒಂದೇ ಅಂಕೆಯವು 624. ಒಂದೇ ಬಣ್ಣದ ಸರಣಿ 40. ಈ ನಲವತ್ತರಲ್ಲಿ ಹತ್ತರಿಂದ ಎಕ್ಕದವರೆಗಿನ ರಾಜಸರಣಿ ನಾಲ್ಕೇ ನಾಲ್ಕು. ಅದು ಆರೂವರೆ ಲಕ್ಷ ಕೈಗಳಿಗೊಮ್ಮೆ ಬರತಕ್ಕದ್ದು. ದಿನಕ್ಕೆ ನೂರು ಕೈ ಹಂಚುತ್ತ ಒಂದು ದಿನವೂ ತಪ್ಪಿಸದೆ ಕುಳಿತರೆ ಸರಾಸರಿ ಹದಿನೆಂಟು ವರ್ಷಕ್ಕೊಮ್ಮೆ ದರ್ಶನವಾದೀತು.

ಯಾವ ಕೈ ಯಾವುದನ್ನು ಗೆಲ್ಲಬೇಕೆಂಬುದನ್ನು ಯಾವ ಅರಸನೂ ಆಜ್ಞಾಪಿಸಲಿಲ್ಲ; ಎಣಿಕೆಯೇ ಅದನ್ನು ನಿರ್ಣಯಿಸಿತು. ಅಪರೂಪವಾದುದು ಮೇಲು. ಇಲ್ಲಿ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. ನಮ್ಮ ಕಡೆ ಆಡುವ ಮೂರೆಲೆಯ ಆಟದಲ್ಲಿ, ತೀನ್ ಪತ್ತಿಯಲ್ಲಿ, ಸರಣಿ ದೊಡ್ಡದು, ಬಣ್ಣ ಚಿಕ್ಕದು. ಪೋಕರಿನಲ್ಲಿ ಬಣ್ಣ ದೊಡ್ಡದು, ಸರಣಿ ಚಿಕ್ಕದು. ಇದೇಕೆ ತಿರುಗುಮುರುಗು? ಎಣಿಸಿ ನೋಡು ಎಂದೆ. ಮೂರೆಲೆಯ ಕೈಗಳು ಒಟ್ಟು 22,100. ಅವುಗಳಲ್ಲಿ ಬಣ್ಣದವು 1,096, ಸರಣಿಗಳು 720. ಸರಣಿ ಅಪರೂಪ, ಆದುದರಿಂದ ಮೇಲು. ಐದೆಲೆಗೆ ಬಂದೊಡನೆ ಐದನ್ನೂ ಒಂದೇ ಬಣ್ಣದಲ್ಲಿ ಕೂಡಿಸುವುದು ಹೆಚ್ಚು ಕಷ್ಟವಾಗಿ ಬಣ್ಣ ಮೇಲೇರಿತು. ಇದನ್ನು ಕಂಡುಕೊಂಡಾಗ ಹುಡುಗನ ಮುಖದಲ್ಲಿ ಮೂಡಿದ ಬೆಳಕನ್ನು ನಾನು ತರಗತಿಯಲ್ಲಿ ಕಂಡುದು ಕಡಿಮೆ. ಆದರೆ ರೂಢಿ ಎಲ್ಲೆಡೆಯೂ ಎಣಿಕೆಗೆ ಮಣಿಯುವುದಿಲ್ಲ. ತೀನ್ ಪತ್ತಿಯಲ್ಲಿ ಒಂದೇ ಅಂಕೆಯ ಮೂರೆಲೆಗಳ ಕೈಗಳು 52; ಒಂದೇ ಬಣ್ಣದ ಸರಣಿಗಳು 48. ನ್ಯಾಯವಾಗಿ ಎರಡನೆಯದು ಮೇಲಾಗಬೇಕು; ಆಟದಲ್ಲಿ ಮೊದಲನೆಯದೇ ಮೇಲು. ಮೂರು ಎಕ್ಕಗಳನ್ನು ಕೈಯಲ್ಲಿ ಹಿಡಿದವನಿಗೆ ಗಣಿತ ಹೇಳುವ ಧೈರ್ಯ ಯಾರಿಗೂ ಬರಲಿಲ್ಲವೆಂದು ತೋರುತ್ತದೆ.

ಮೂಲ ಪ್ರಶ್ನೆಗೆ ಬರೋಣ. ಕೈಯಲ್ಲಿ ನಾಲ್ಕು ಬದಾಮಗಳಿವೆ, ಒಂದು ಬೇರೆ ಎಲೆ. ಅದನ್ನು ಎಸೆದು ಇನ್ನೊಂದನ್ನು ಎಳೆಯಬೇಕು. ಕಾಣದ ಎಲೆಗಳು 47. ಅವುಗಳಲ್ಲಿ ಬದಾಮಗಳು 9. ಆದುದರಿಂದ ಬರುವ ಸಂಭವ 47ರಲ್ಲಿ 9, ನೂರಕ್ಕೆ ಹತ್ತೊಂಬತ್ತು. ಎದುರಾಳಿಗಳ ಕೈಯಲ್ಲಿಯೂ ಬದಾಮಗಳಿರಬಹುದಲ್ಲ ಎಂದರೆ, ಇರಬಹುದು. ಕಾಣದವರೆಗೆ ಅವೂ ಕಟ್ಟಿನಲ್ಲಿರುವುವೂ ನಮಗೆ ಒಂದೇ. ಐದು, ಆರು, ಏಳು, ಎಂಟು ಕೈಯಲ್ಲಿದ್ದು ಎರಡು ತುದಿಗೂ ಬಾಗಿಲು ತೆರೆದಿದ್ದರೆ ಸರಣಿಗೆ 8 ಎಲೆಗಳು ಒದಗುತ್ತವೆ, ನೂರಕ್ಕೆ ಹದಿನೇಳು. ನಡುವಿನ ಒಂದು ಹಲ್ಲು ಮುರಿದಂತೆ ಐದು, ಆರು, ಎಂಟು, ಒಂಬತ್ತು ಇದ್ದರೆ 4 ಎಲೆ ಮಾತ್ರ, ನೂರಕ್ಕೆ ಎಂಟೂವರೆ. ಒಂದು ಜೋಡಿಯನ್ನು ಉಳಿಸಿಕೊಂಡು ಮೂರನ್ನು ಬದಲಿಸಿದವನ ಕೈ ಯಾವುದಾದರೊಂದು ಬಗೆಯಲ್ಲಿ ಉತ್ತಮವಾಗುವ ಸಂಭವ ನೂರಕ್ಕೆ ಸುಮಾರು ಇಪ್ಪತ್ತೊಂಬತ್ತು. ಈಗ ಹೆಚ್ಚು ರೂಢಿಯಲ್ಲಿರುವ, ಐದೆಲೆಗಳನ್ನು ನಡುವೆ ತೆರೆದಿಡುವ ಆಟದಲ್ಲಿ ನಾಲ್ಕು ಬದಾಮ ಕಂಡಮೇಲೆ ಇನ್ನೂ ಎರಡು ಎಲೆಗಳು ಬರಬೇಕಾಗಿದ್ದರೆ ಸಂಭವ ನೂರಕ್ಕೆ ಮೂವತ್ತೈದಾಗುತ್ತದೆ. ಎರಡೂ ತಪ್ಪುವುದನ್ನು ಲೆಕ್ಕಿಸಿ ಒಂದರಿಂದ ಕಳೆದರೆ ಇದು ದೊರೆಯುತ್ತದೆ.

ಹತ್ತು ಸಲ ಬರಲಿಲ್ಲವೆಂದನಲ್ಲ? ಪ್ರತಿ ಸಲವೂ ತಪ್ಪುವ ಸಂಭವ 47ರಲ್ಲಿ 38. ಅದನ್ನು ಹತ್ತು ಸಲ ಗುಣಿಸಿದರೆ ನೂರಕ್ಕೆ ಹನ್ನೆರಡು ಬರುತ್ತದೆ. ಎಂದರೆ ಹೀಗೆ ಕಾಯುವ ಎಂಟು ಜನರಲ್ಲಿ ಒಬ್ಬನಿಗೆ ಹತ್ತು ಸಲವೂ ತಪ್ಪುವುದು ಸ್ವಾಭಾವಿಕ. ದೈವದ ಮುನಿಸಿಲ್ಲ, ಶನಿಯ ಕಾಟವಿಲ್ಲ. ಆ ಎಂಟರಲ್ಲಿ ಇವನೊಬ್ಬ. ಮತ್ತು ಹನ್ನೊಂದನೆಯ ಸಲ? ಕಟ್ಟನ್ನು ಮತ್ತೆ ಕಲೆಸಿದ್ದಾರೆ. ಎಲೆಗಳಿಗೆ ಹಿಂದಿನ ಜನ್ಮದ ವಾಸನೆಯಿಲ್ಲ. ಮತ್ತೆ 47ರಲ್ಲಿ 9. ಹುಡುಗ ಒಪ್ಪಲಿಲ್ಲ. "ಲೆಕ್ಕ ಖರೇ ಐತ್ರಿ, ಆದರ ಮನಸ್ಸು ಬ್ಯಾರೆ ಹೇಳತೈತ್ರಿ" ಎಂದ. ಪ್ರಾಮಾಣಿಕವಾದ ಮಾತು. ಎರಡನೆಯ ಶನಿವಾರ ನಾವು ನಾಲ್ಕು ಬದಾಮಗಳನ್ನು ಬೇರೆ ಇಟ್ಟು, ಉಳಿದುವನ್ನು ಕಲೆಸಿ, ಒಂದೊಂದೇ ಎಲೆಯನ್ನು ಎಳೆದು ಬರೆಯುತ್ತ ಹೋದೆವು. ಸತತವಾಗಿ ತಪ್ಪಿದ ಮೇಲಿನ ಎಳೆತಗಳನ್ನೇ ಪ್ರತ್ಯೇಕವಾಗಿ ಗುರುತು ಹಾಕೆಂದೆ. ಕತ್ತಲಾಗುವ ಹೊತ್ತಿಗೆ ಆ ಗುರುತುಗಳೂ ಉಳಿದುವುಗಳಂತೆಯೇ ಐದಕ್ಕೊಂದರ ಆಸುಪಾಸಿನಲ್ಲಿದ್ದುವು. ಅವನು ಬಹಳ ಹೊತ್ತು ಆ ಕಾಗದವನ್ನು ನೋಡುತ್ತ ಕುಳಿತ.

ಹಾಗಾದರೆ ಕಾಯುವುದು ಯಾವಾಗಲೂ ತಪ್ಪೇ? ಅಲ್ಲ, ಜಾಣ ಆಟಗಾರನ ವಿದ್ಯೆ ಇರುವುದು ಇಲ್ಲಿಯೇ. ನಡುವೆ ಕೂಡಿಬಿದ್ದ ಹಣ 300 ರೂಪಾಯಿ, ಮುಂದುವರಿಯಲು ನೀನು ಹಾಕಬೇಕಾದುದು 100 ಎಂದುಕೊಳ್ಳೋಣ. ಇಂಥ ಸಂದರ್ಭ 47 ಸಲ ಬಂದಿತೆಂದರೆ 9 ಸಲ 300ರಂತೆ 2,700 ಬರುತ್ತದೆ. 38 ಸಲ 100ರಂತೆ 3,800 ಹೋಗುತ್ತದೆ. 1,100 ಹಾನಿ. ನಡುವಿನ ಹಣ 500 ಇದ್ದರೆ 4,500 ಬಂದು 3,800 ಹೋಗಿ 700 ಉಳಿಯುತ್ತದೆ. ಬರುವ ಸಂಭವವೊಂದನ್ನೇ ಅಲ್ಲ, ಬಂದರೆ ಸಿಗುವುದೆಷ್ಟು ಹಾಕುವುದೆಷ್ಟು ಎಂಬುದನ್ನು ಅದರೊಡನೆ ತೂಗಬೇಕು. 1654ರಲ್ಲಿ ಪಾಸ್ಕಲ್, ಫರ್ಮಾ ಎಂಬಿಬ್ಬರು ಫ್ರೆಂಚ್ ವಿದ್ವಾಂಸರು ಪತ್ರಗಳಲ್ಲಿ ಚರ್ಚಿಸಿದ ಪ್ರಶ್ನೆಯ ತಿರುಳೂ ಇದೇ: ನಡುವೆ ನಿಂತುಹೋದ ಆಟದ ಪಣವನ್ನು ನ್ಯಾಯವಾಗಿ ಹಂಚುವುದೆಂತು? ಆ ಪತ್ರಗಳಿಂದ ಹುಟ್ಟಿದ ಶಾಸ್ತ್ರದ ಮೇಲೆ ಇಂದು ಜೀವವಿಮೆ ನಿಂತಿದೆ, ಔಷಧಗಳ ಪರೀಕ್ಷೆ ನಿಂತಿದೆ.

ಹುಡುಗನ ಕಣ್ಣು ಹೊಳೆಯಿತು. ನನಗೆ ಅಂಜಿಕೆಯಾಯಿತು. ಅರೆವಿದ್ಯೆ ಕೈಗೆ ಬಂದವನು ಬರಿಗೈಯವನಿಗಿಂತ ಬೇಗ ಹಡಗು ಹತ್ತಿಯಾನು. ಆದುದರಿಂದ ಮೂರನೆಯ ಶನಿವಾರವನ್ನು ಹಡಗಿನ ಒಡೆಯನ ಲೆಕ್ಕಕ್ಕೆ ಮೀಸಲಿಟ್ಟೆವು. ಮನೆಯವನು, ಎಂದರೆ ಆಟ ನಡೆಸುವವನು, ಆಡುವುದಿಲ್ಲ. ಪ್ರತಿ ಕೈಯಿಂದಲೂ ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ. ಅದು ನೂರಕ್ಕೆ ಐದೆಂದು ಹಿಡಿಯೋಣ. ಆರು ಜನ ಸಾವಿರ ಸಾವಿರ ರೂಪಾಯಿ ಹಿಡಿದು ಕುಳಿತಿದ್ದಾರೆ, ಪ್ರತಿ ಕೈಯಲ್ಲಿ ಸರಾಸರಿ 300 ಕೂಡುತ್ತದೆ. ನೂರು ಕೈ ಮುಗಿಯುವ ಹೊತ್ತಿಗೆ 1,500 ರೂಪಾಯಿ ಮೇಜಿನಿಂದ ಎದ್ದು ಹೋಗಿರುತ್ತದೆ. ಆರು ಜನರಲ್ಲಿ ಯಾರು ಜಾಣರು, ಯಾರು ದಡ್ಡರು ಎಂಬುದು ಉಳಿದ 4,500ರ ಹಂಚಿಕೆಗೆ ಮಾತ್ರ ಸಂಬಂಧಿಸಿದ ವಿಷಯ. ಹೊರದಂಚಿನ ಲೆಕ್ಕಗಳೂ ಇದರಿಂದ ಕೆಡುತ್ತವೆ. ನಡುವೆ 430 ಇದ್ದು 100 ಹಾಕುವ ಸಂದರ್ಭ ಬರಿಯ ಲೆಕ್ಕದಲ್ಲಿ 47 ಸಲಕ್ಕೆ 70 ರೂಪಾಯಿ ಲಾಭ. ಮನೆಯವನ ಪಾಲು ಕಳೆದರೆ ಅದೇ ಸುಮಾರು 170 ಹಾನಿಯಾಗಿ ತಿರುಗುತ್ತದೆ. ಹುಡುಗ ಇದನ್ನು ಎರಡು ಸಲ ಮಾಡಿ ನೋಡಿದ. ಅಲ್ಲದೆ ಎದುರಿಗೆ ಕುಳಿತವರೆಲ್ಲ ಈ ಸೂತ್ರಗಳನ್ನು ಬಲ್ಲವರೇ ಆದರೆ ಇವನ ಜಾಣತನಕ್ಕೆ ಬೆಲೆಯೆಲ್ಲಿ?

ಇನ್ನೊಂದು ಮಾತು ಉಳಿದಿತ್ತು, ಅದು ಶಕುನಿಯದು. 47ರಲ್ಲಿ 9 ಎಂಬುದು ಕಟ್ಟನ್ನು ನ್ಯಾಯವಾಗಿ ಕಲೆಸಿದ್ದರೆ ಮಾತ್ರ. ಧರ್ಮರಾಯ ಎಷ್ಟು ಲೆಕ್ಕ ಕಲಿತಿದ್ದರೂ ಕುಮಾರವ್ಯಾಸನ ಸಭೆಯಲ್ಲಿ ಅವನಿಗೆ ಗತಿಯಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಎಲೆ ಕಲೆಸುವವನ ಕೈ ನಮಗೆ ಕಾಣುತ್ತದೆ. ಅಂಗೈಯ ಯಂತ್ರದಲ್ಲಿ ಕಲೆಸುವ ಕೈ ಯಾರದು?

ಕಾನೂನು ಈ ವಿಷಯದಲ್ಲಿ ಬಹಳ ಕಾಲ ಕೌಶಲವೋ ಅದೃಷ್ಟವೋ ಎಂಬ ತಕ್ಕಡಿಯನ್ನೇ ಹಿಡಿದಿತ್ತು. ರಮ್ಮಿ ಆಟದಲ್ಲಿ ಕೌಶಲವೇ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿತು. ಅಂತರ್ಜಾಲದ ಪಣದಾಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯಭಾಗಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಆ ತಕ್ಕಡಿಯನ್ನೇ ಬದಿಗಿಟ್ಟಿತು. ಕೌಶಲದ್ದಿರಲಿ ಅದೃಷ್ಟದ್ದಿರಲಿ, ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟವನ್ನು ನಡೆಸುವುದು ನಿಷಿದ್ಧವೆಂದಿತು. ಗಣಿತದ ದೃಷ್ಟಿಯಿಂದ ಕೌಶಲವೂ ಅದೃಷ್ಟವೂ ಎರಡು ಬೇರೆ ಪದಾರ್ಥಗಳೇ ಅಲ್ಲ. ಎಲೆ ಬರುವುದು ಅದೃಷ್ಟ, ಬಾರದಿದ್ದಾಗ ಕೈ ಮಡಚುವುದು ಕೌಶಲ. ಎರಡೂ ಒಂದೇ ಮೇಜಿನ ಮೇಲಿವೆ. ಎಷ್ಟು ಕೈ ಆಡಿದ ಮೇಲೆ ಎರಡನೆಯದು ಮೊದಲನೆಯದನ್ನು ಮೀರಿ ಕಾಣಿಸುತ್ತದೆಂಬುದೇ ಪ್ರಶ್ನೆ. ಒಂದು ರಾತ್ರಿಯಲ್ಲಿ ಅದು ಕಾಣಿಸುವುದಿಲ್ಲ. ನಮ್ಮ ಹುಡುಗರು ಗೋವೆಗೆ ಹೋಗುವುದು ಒಂದು ರಾತ್ರಿಗೆ.

ನಳ ಅಕ್ಷಹೃದಯವನ್ನು ಕಲಿತೊಡನೆ ಅವನ ಮೈಯೊಳಗಿದ್ದ ಕಲಿ ವಿಷವನ್ನು ಕಾರುತ್ತ ಹೊರಬಿದ್ದು ಅದೇ ತಾರೆಮರವನ್ನು ಹೊಕ್ಕನೆಂದು ಕಥೆ ಹೇಳುತ್ತದೆ. ಪಾಠ ಹೇಳುವಾಗ ನಾನು ಈ ಭಾಗವನ್ನು ಬೇಗನೆ ದಾಟಿಬಿಡುತ್ತಿದ್ದೆ; ಈಗ ನಿಲ್ಲುತ್ತೇನೆ. ಯಾಕೆಂದರೆ ನಳ ಅಲ್ಲಿಗೆ ಜೂಜನ್ನು ಬಿಡುವುದಿಲ್ಲ. ಮರಳಿ ಹೋಗಿ ಪುಷ್ಕರನೊಡನೆ ಆಡಿಯೇ ಆಡುತ್ತಾನೆ, ದಮಯಂತಿಯನ್ನೇ ಪಣವೊಡ್ಡಿ ಆಡುತ್ತಾನೆ; ಒಂದೇ ಎಸೆತದಲ್ಲಿ ಎಲ್ಲವನ್ನೂ ಗೆದ್ದು, ತಮ್ಮನ ಪಾಲನ್ನು ಅವನಿಗೆ ಹಿಂದಕ್ಕೆ ಕೊಡುತ್ತಾನೆ.

ಹುಡುಗನ ಸಾಲ ಇನ್ನೂ ತೀರಿಲ್ಲ. ರಜೆಯಲ್ಲಿ ಬೆಳಗಾವಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ತಿಂಗಳು ತಿಂಗಳು ಗೆಳೆಯರಿಗೆ ಮರಳಿಸುತ್ತಿದ್ದಾನೆ. ತಂದೆಗೆ ಇನ್ನೂ ಹೇಳಿಲ್ಲ. ಹೇಳೆಂದು ಎರಡು ಸಲ ಹೇಳಿದ್ದೇನೆ. ಗಣಿತಸಾರಸಂಗ್ರಹದ ಪ್ರತಿ ಅವನ ಬಳಿಯೇ ಇದೆ. ಮೊನ್ನೆ ರೈಲಿಗೆ ಕಾಯುತ್ತ ದೇಸೂರಿನ ನಿಲ್ದಾಣದಲ್ಲಿ ನಿಂತಿದ್ದಾಗ ಬಂದು ನಮಸ್ಕರಿಸಿದ. ಕೈಯಲ್ಲಿ ಎರಡು ಜೋಡಿಗಳಿದ್ದು ಒಂದೆಲೆಯನ್ನು ಬದಲಿಸಿದರೆ ಫುಲ್ ಹೌಸ್ ಆಗುವ ಸಂಭವವೆಷ್ಟೆಂದು ಕೇಳಿದ.

"ಯಾಕೋ?" ಎಂದೆ.

"ಆಡಾಕಲ್ರಿ ಸರ್ರ. ಸುಮ್ನ ಲೆಕ್ಕಕ್ಕ."

ನಾನು ಅವನ ಮುಖವನ್ನು ನೋಡಿದೆ, ಏನೂ ತಿಳಿಯಲಿಲ್ಲ. ನಲವತ್ತೇಳರಲ್ಲಿ ನಾಲ್ಕು ಎಂದು ಹೇಳಿದೆ. ಅಷ್ಟರಲ್ಲಿ ಗಾಡಿ ಬಂದಿತು.